ಐದು ಹಗ್ಗಗಳ ಚುಕ್ಕೆ

ಹಗ್ಗದ ಕಾರ್ಖಾನೆಯ ಪರೀಕ್ಷಕ ದಿನವೂ ಐದು ಹಗ್ಗಗಳನ್ನು ಯಂತ್ರಕ್ಕೆ ಕಟ್ಟಿ ಹರಿಯುವವರೆಗೂ ಎಳೆಸಿ, ಅವು ತಡೆದ ಭಾರದ ಸರಾಸರಿಯನ್ನು ಗೋಡೆಯ ನಕ್ಷೆಯಲ್ಲಿ ಒಂದೇ ಚುಕ್ಕೆಯಾಗಿ ಇಡುತ್ತಿದ್ದ. ಚುಕ್ಕೆಗಳೆಲ್ಲ ಒಂದು ಗೆರೆಯ ಆಸುಪಾಸಿನಲ್ಲಿ ಕುರಿಮಂದೆಯಂತೆ ಒತ್ತಿಕೊಂಡು ನಿಲ್ಲುತ್ತಿದ್ದವು. ಅದನ್ನು ನೋಡಿ ಅವನು ಬೀಗುತ್ತಿದ್ದ. ಎತ್ತರದ ಕಟ್ಟಡಗಳಿಗೆ ಬಣ್ಣ ಬಳಿಯುತ್ತಿದ್ದ ಅಕ್ಕನ ಗಂಡನಿಗೆ ತಾನೇ ಒಂದು ಹಗ್ಗ ತಂದುಕೊಟ್ಟು, "ಎಲ್ಲಾ ಒಂದೇ ಥರ ಭಾವ, ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇಲ್ಲ. ಕಣ್ಮುಚ್ಕೊಂಡು ನೇತಾಡಿ" ಎಂದಿದ್ದ.

ಇಂದು ಭಾವನನ್ನು ಮಣ್ಣು ಮಾಡಿ ಬಂದಿದ್ದರು. ಅಕ್ಕ ಆ ಹಗ್ಗದ ಹರಿದ ತುಂಡನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.

"ಎಲ್ಲಾ ಒಂದೇ ಥರ ಅಂದಿದ್ಯಲ್ಲೋ?"

ಅವನು ಗೋಡೆಯ ನಕ್ಷೆಯನ್ನು ಮನಸ್ಸಿನಲ್ಲೇ ಮತ್ತೆ ಓದಿದ. ಐದರಲ್ಲಿ ಒಂದು ಟೊಳ್ಳಾಗಿದ್ದರೆ ಉಳಿದ ನಾಲ್ಕು ಅದರ ಮಾನ ಮುಚ್ಚುತ್ತಿದ್ದವು. ಒತ್ತಾಗಿ ನಿಂತಿದ್ದವು ಸರಾಸರಿಗಳು ಮಾತ್ರ. ಒಂದೊಂದು ಹಗ್ಗಕ್ಕೂ ಒಂದೊಂದು ಚುಕ್ಕೆ ಇಟ್ಟಿದ್ದರೆ ನಕ್ಷೆಯ ತುಂಬ ಚೆಲ್ಲಾಪಿಲ್ಲಿಯಾಗಿರುತ್ತಿದ್ದವು.

"ಒಂದೇ ಥರ ಇದ್ದಿದ್ದು ಐದೈದರ ಸರಾಸರಿ, ಅಕ್ಕಾ," ಎಂದ, ತಲೆ ಎತ್ತದೆ.

ಅಕ್ಕ ತುಂಡನ್ನು ಅವನ ಕೈಗಿಟ್ಟಳು.

"ನಿಮ್ಮ ಭಾವ ನೇತಾಡಿದ್ದು ಒಂದರಲ್ಲಿ ಕಣೋ."