ಮದುವೆಗೆ ಮುಂಚಿನ ಹೆಸರು

ಸೌಜನ್ಯಳಿಗೆ ಹುಟ್ಟಿದಾಗಿನಿಂದ ಇದ್ದದ್ದು ಒಂದೇ ಹೆಸರು. ಶಾಲೆಯ ಹಾಜರಿಯಲ್ಲೂ ಅದೇ, ಪಾಸ್‌ಪೋರ್ಟಿನಲ್ಲೂ ಅದೇ, ಮದುವೆ ನೋಂದಣಿಯಲ್ಲೂ ಅದೇ: ಸೌಜನ್ಯ ಕುಂದರ್. ಹೀಗಿರುವಾಗ ಒಂದು ಸೋಮವಾರ ಕೆನಡಾದ ವೀಸಾದವರು ಪತ್ರ ಕಳಿಸಿ, ಇದು ನಿಮ್ಮ ಮದುವೆಯ ನಂತರದ ಹೆಸರೆಂದು ತೋರುತ್ತದೆ, ಮುಂಚಿನ ಹೆಸರನ್ನು ದಾಖಲೆ ಸಮೇತ ತಿಳಿಸಿ ಎಂದರೆ ಅವಳು ಎಲ್ಲಿಂದ ತಂದುಕೊಡಬೇಕು? ಕಳೆದುಹೋಗದ ಕೊಡೆಗೆ ಪೊಲೀಸ್ ದೂರು ಕೊಡು ಎಂದ ಹಾಗಾಯಿತು.

ನಾವುಂದದ ಮನೆಯ ಜಗಲಿಯಲ್ಲಿ ಕೂತು ಅವಳು ಪತ್ರವನ್ನು ಮೂರು ಸಲ ಓದಿದಳು. ಕಾರಣವನ್ನೂ ಅವರೇ ಬರೆದಿದ್ದರು. ಅರ್ಜಿಯಲ್ಲಿ ಅವಳು ಕುಂದರ್, ಗಂಡನ ತಂದೆಯೂ ಕುಂದರ್. ಅಂದ ಮೇಲೆ ಸೊಸೆಯಾಗಿ ಬಂದವಳು ಮಾವನ ಮನೆಯ ಹೆಸರು ಇಟ್ಟುಕೊಂಡಿದ್ದಾಳೆ, ಇದರಲ್ಲೇನಿದೆ ಅನುಮಾನ?

ಮಾವ ಭೋಜರಾಜ ಕುಂದರ್ ಅವಳ ತಾಯಿ ಗಿರಿಜಳ ಒಡಹುಟ್ಟಿದ ಅಣ್ಣ. ಅವಳು ಮದುವೆಯಾದದ್ದು ಸೋದರಮಾವನ ಮಗ ರತನ್‌ನನ್ನು. ಈ ಕಡಲ ಬದಿಯ ಮೀನುಗಾರರ ಮನೆಗಳಲ್ಲಿ ಬಳಿ, ಅಂದರೆ ವಂಶದ ಹೆಸರು, ತಾಯಿಯಿಂದ ಬರುತ್ತದೆ. ಗಿರಿಜ ಕುಂದರ್ ಆದ್ದರಿಂದ ಮಗಳೂ ಕುಂದರ್. ರತನ್ ತನ್ನ ತಾಯಿ ಸರಸಳಂತೆ ಕಾಂಚನ್. ಗಂಡ ಹೆಂಡತಿಯದು ಒಂದೇ ಬಳಿ ಆಗುವ ಹಾಗೇ ಇಲ್ಲ, ಒಂದೇ ಆದರೆ ಅವರು ಅಣ್ಣ ತಂಗಿಯ ಲೆಕ್ಕ. ಕೋಡಿಯ ಕಡಲ ಬದಿಯಲ್ಲಿ ಬುಟ್ಟಿ ಹೊರುವ ಹೆಂಗಸರಿಗೆಲ್ಲ ಗೊತ್ತಿರುವ ಸಂಗತಿ ಅಷ್ಟು ದೊಡ್ಡ ದೇಶಕ್ಕೆ ಗೊತ್ತಿಲ್ಲವಲ್ಲ ಎಂದು ಅವಳಿಗೆ ಸಿಟ್ಟು ಬಂತು. ಸಿಟ್ಟಿನ ಬೆನ್ನಿಗೇ ಹೆದರಿಕೆ. ಹದಿನೈದು ದಿನ ಬಿಟ್ಟು ಫೋನಿನಲ್ಲಿ ಸಂದರ್ಶನ. ಅಲ್ಲಿ ಎಡವಿದರೆ ಕೆನಡಾದಲ್ಲಿ ರತನ್ ಇರುವಲ್ಲಿಗೆ ಹೋಗುವ ದಾರಿ ಮುಚ್ಚಿದ ಹಾಗೆಯೇ.

ಮರುದಿನ ಕುಂದಾಪುರಕ್ಕೆ ಹೋದಳು. ಅವಳ ಅರ್ಜಿ ತುಂಬಿಸಿದ ಏಜೆಂಟ್ ಪ್ರಖ್ಯಾತ್ ಪತ್ರ ನೋಡಿ ನಕ್ಕ. ಅವನಿಗೆ ಯಾವುದೂ ಕಷ್ಟವಲ್ಲ, ಯಾಕೆಂದರೆ ಹೋಗಬೇಕಾದವನು ಅವನಲ್ಲ.

"ಇದೆಲ್ಲ ದೊಡ್ಡ್ ಸಂಗತಿ ಅಲ್ಲ ಅಕ್ಕಾ. ಅವ್ರಿಗೆ ಒಂದ್ ಹಳೆ ಹೆಸ್ರ್ ಬೇಕ್, ಅಷ್ಟೇ. ನಿಮ್ಮ್ ಅಪ್ಪಯ್ಯಂದ್ ಎಂತ?"

"ಮೆಂಡನ್."

"ಹಾಂಗಾರೆ ಮದಿ ಮುಂಚೆ ನೀವ್ ಸೌಜನ್ಯ ಮೆಂಡನ್. ಒಂದ್ ಅಫಿಡವಿಟ್ ಮಾಡ್ಸುವ."

"ನಾ ಯಾವತ್ತೂ ಮೆಂಡನ್ ಆದದ್ದೇ ಇಲ್ಲೆ ಮಾರ್ರೆ."

"ಅವ್ರಿಗೆ ಅರ್ಥ ಆಪು ಹಾಂಗ್ ಹೇಳ್ಕ್ ಅಲ್ದಾ? ಬಳಿ ಕಥಿ ಹೇಳುಕ್ ಹ್ವಾರೆ ಎಲ್ಲಿಗ್ ಮುಟ್ಟುದ್ ಅದ್?"

ಅವನ ಮಾತೂ ಸರಿ ಅನ್ನಿಸಿತು. ಬಸ್ಸಿನಲ್ಲಿ ಕೂತಾಗ ಅದೇ ಮಾತು ಸುಳ್ಳು ಅನ್ನಿಸಿತು. ಮನೆಗೆ ಬರುವಷ್ಟರಲ್ಲಿ ತಲೆ ಕಲಸುಮೇಲೋಗರ.

ಬಂಗುಡೆ ಹೆಚ್ಚುತ್ತಿದ್ದ ಗಿರಿಜ ಕೇಳಿದವಳೇ ಕತ್ತಿ ಬದಿಗಿಟ್ಟಳು. "ಮೆಂಡನ್ ಅಂದ್ ಬರಿತ್ಯಾ? ಅದ್ ಬ್ರಹ್ಮಾವರದ್ ನಿನ್ನ್ ಅಪ್ಪಯ್ಯನ ತಂಗಿ ಮಕ್ಕಳ್ ಬಳಿ. ನೀ ನನ್ನ್ ಹೊಟ್ಟಿಗ್ ಹುಟ್ಟಿದ್ದಲ್ದಾ?"

"ಹಾಂಗಾರೆ ಕಾಂಚನ್ ಅಂದೇ ಬದ್ಲ್ ಮಾಡ್ಕಂತೆ."

"ಮಾಡ್ಕೋ. ರತನಂಗೆ ತಂಗಿ ಆತೆ."

ಅಂಗಳದಲ್ಲಿ ಬಲೆ ಹೊಲಿಯುತ್ತಿದ್ದ ಅಪ್ಪ ಗುಣಪಾಲ ತಲೆ ಎತ್ತದೆ ಹೇಳಿದ, "ಮೆಂಡನ್ ಅಂದ್ ಬರ್ದ್ರೆ ನಂಗೇನ್ ಬೇಜಾರಿಲ್ಲ."

ಹೆಂಡತಿ ದುರುಗುಟ್ಟಿ ನೋಡಿದ್ದೇ ಅವನು ಮತ್ತೆ ಬಲೆಗೆ ಬಾಗಿದ. ಆದರೆ ಸೌಜನ್ಯ ಅವನ ಮುಖ ನೋಡಿಬಿಟ್ಟಿದ್ದಳು. ಇಪ್ಪತ್ತೇಳು ವರ್ಷ ಸಾಕಿ ಬೆಳೆಸಿದ ಮಗಳಿಗೆ ತನ್ನ ಹೆಸರು ಅಂಟುತ್ತದೆಂದರೆ, ಅದು ಸುಳ್ಳಾದರೂ ಆ ಮನುಷ್ಯನಿಗೆ ಆಸೆಯಾಗಿತ್ತು. ಅವಳಿಗೆ ಪಾಪ ಅನ್ನಿಸಿತು. ಗೊಂದಲ ಇನ್ನೊಂದು ಸುತ್ತು ಹೆಚ್ಚಾಯಿತು.

ರತನ್‌ಗೆ ಫೋನ್ ಮಾಡಿದರೆ ಅವನದ್ದು ಬೇರೆಯೇ ಕಥೆ. ಅಲ್ಲಿ ಮೀನು ಪ್ಯಾಕ್ ಮಾಡುವ ಕಾರ್ಖಾನೆಯಲ್ಲಿ ಅವನಿಗೆ ಕೆಲಸ. "ಇಲ್ಲಿಯವ್ರ್ ನಂಗೂ ಕೇಂತ್ರ್, ನಿನ್ನ್ ಅಪ್ಪನ್ ಹೆಸ್ರ್ ಬೇರೆ ಎಂತಕ್ಕೆ ಅಂದ್. ಹೇಳಿ ಹೇಳಿ ನಂಗ್ ಸಾಕಾಯ್ತ್. ನೀ ಯಾವ್ದಾರೂ ಬರಿ, ಒಟ್ಟ್ ಬೇಗ ಬಾ," ಎಂದ. ಯಾವುದನ್ನು ಬರೆದರೆ ಬೇಗ ಎನ್ನುವುದು ಅವನಿಗೂ ಗೊತ್ತಿರಲಿಲ್ಲ.

ಸಂದರ್ಶನದ ದಿನ ಬೆಳಿಗ್ಗೆ ಹನ್ನೊಂದಕ್ಕೆ ಪ್ರಖ್ಯಾತನ ಆಫೀಸಿನ ಒಳಕೋಣೆಯಲ್ಲಿ ಕೂತಳು. ಮೇಜಿನ ಮೇಲೆ ಫೋನ್, ಅದರ ಪಕ್ಕದಲ್ಲಿ ಟೈಪಾಗಿ ಅವಳ ಸಹಿಗೆ ಕಾದಿದ್ದ ಅಫಿಡವಿಟ್. ಫೋನಿನಲ್ಲಿ ಮೆಂಡನ್ ಎಂದು ಹೇಳಿಬಿಡಿ, ಆಮೇಲೆ ಸಹಿ ಹಾಕಿ ಕಳಿಸುವ ಎಂದು ಅವನು ಎರಡೆರಡು ಸಲ ಹೇಳಿಕೊಟ್ಟಿದ್ದ. ಆ ಕಡೆ ಇಂಗ್ಲಿಷಿನಲ್ಲಿ ಒಬ್ಬ ಅಧಿಕಾರಿ, ಅವನ ಮಾತನ್ನು ಕನ್ನಡದಲ್ಲಿ ಹೇಳಲು ಬೆಂಗಳೂರು ಕಡೆಯ ಒಬ್ಬ ಹೆಂಗಸು.

"ಮದುವೆಗೆ ಮುಂಚೆ ನಿಮ್ಮ ಉಪನಾಮ ಏನಿತ್ತು?"

ಪ್ರಖ್ಯಾತ್ ಅಫಿಡವಿಟನ್ನು ಅವಳ ಮುಂದೆ ಸರಿಸಿದ. ಮೆಂಡನ್ ಅಂದರೆ ಅಪ್ಪನಿಗೆ ಖುಷಿ, ಏಜೆಂಟನಿಗೆ ಖುಷಿ, ಕೆನಡಾಕ್ಕೂ ಖುಷಿ. ಆದರೆ ಆ ಹೆಸರಿನ ಹೆಣ್ಣು ಯಾರೋ ಅವಳಿಗೇ ಗೊತ್ತಿರಲಿಲ್ಲ. ಆ ಗೊತ್ತಿಲ್ಲದವಳನ್ನು ರತನ್ ಹತ್ತಿರ ಕಳಿಸಿ ತಾನು ಇಲ್ಲೇ ಉಳಿದ ಹಾಗೆ ಅನ್ನಿಸಿತು.

"ಕುಂದರ್," ಎಂದಳು.

ಪ್ರಖ್ಯಾತ್ ಕಣ್ಣು ಮುಚ್ಚಿಕೊಂಡ.

"ಈಗ?"

"ಈಗ್ಳೂ ಕುಂದರ್."

"ಅದು ನಿಮ್ಮ ಮಾವನ ಹೆಸರಲ್ಲವೇ?"

"ಅವ್ರ್ ನನ್ನ್ ಅಮ್ಮನ ಅಣ್ಣ. ಅವ್ರಿಗೂ ನಮ್ಗೂ ಆ ಹೆಸ್ರ್ ಅಜ್ಜಿಯಿಂದ ಬಂದದ್ದ್. ಮದಿಗೂ ಅದಕ್ಕೂ ಸಂಬಂಧ ಇಲ್ಲೆ."

ಆ ಕಡೆ ಕೀಲಿಮಣೆಯ ಟಪಟಪ. ಬಹಳ ಹೊತ್ತು ಟಪಟಪ. ಅವರೂ ತನ್ನಷ್ಟೇ ಗಲಿಬಿಲಿಯಲ್ಲಿದ್ದಾರೆ ಎಂದು ಅವಳಿಗೆ ಅನ್ನಿಸಿತು. ಮತ್ತೆ ಪ್ರಶ್ನೆಗಳು ಶುರುವಾದವು. ಮದುವೆಗೆ ಮುಂಚೆ ಎಲ್ಲಿದ್ದಿರಿ? ನಾವುಂದದಲ್ಲಿ, ಅಮ್ಮನ ಮನೆಯಲ್ಲಿ. ಈಗ? ಅಲ್ಲೇ. ಆಗ ಕೆಲಸ? ಐಸ್ ಪ್ಲಾಂಟಿನ ಆಫೀಸಿನಲ್ಲಿ. ಈಗ? ಅಲ್ಲೇ. ಗಂಡನ ಜೊತೆ ಎಷ್ಟು ದಿನ ಇದ್ದಿರಿ? ಇಪ್ಪತ್ತಮೂರು.

ಆ ಕಡೆ ಇಬ್ಬರೂ ಇಂಗ್ಲಿಷಿನಲ್ಲಿ ಏನೋ ಮಾತಾಡಿಕೊಂಡರು. ಆಮೇಲೆ ಆ ಹೆಂಗಸು ಹೇಳಿದಳು, "ಸಾಹೇಬರು ಕೇಳುತ್ತಿದ್ದಾರೆ, ಹಾಗಾದರೆ ಮದುವೆಯಿಂದ ನಿಮಗೆ ಬದಲಾದದ್ದು ಏನು?"

ಈ ಪ್ರಶ್ನೆಯನ್ನು ಪ್ರಖ್ಯಾತ್ ಹೇಳಿಕೊಟ್ಟಿರಲಿಲ್ಲ. ಸೌಜನ್ಯ ಉತ್ತರ ಹುಡುಕಿದಳು. ರತನ್ ಹೋದ ಮೇಲಿನ ಈ ಎರಡು ವರ್ಷವೂ ಅವಳು ಅಮ್ಮನ ಪಕ್ಕದಲ್ಲೇ ಚಾಪೆ ಹಾಸಿ ಮಲಗುತ್ತಿದ್ದಳು. ಐಸ್ ಪ್ಲಾಂಟಿನವರು ಮೊದಲ ತಿಂಗಳು ಮದುಮಗಳೇ ಎಂದು ತಮಾಷೆ ಮಾಡಿ, ಆಮೇಲೆ ಮರೆತಿದ್ದರು. ತಾನು ಯಾರದ್ದಾದರೂ ಹೆಂಡತಿ ಹೌದೇ ಎಂದು ಅವಳಿಗೇ ಒಮ್ಮೊಮ್ಮೆ ಸಂಶಯ ಬರುತ್ತಿತ್ತು. ಅದನ್ನು ಇದುವರೆಗೆ ಯಾರ ಹತ್ತಿರವೂ ಹೇಳಿರಲಿಲ್ಲ. ಅಳು ಬರಬಾರದು ಎಂದುಕೊಂಡರೂ ಬಂತು.

"ಎಂತದೂ ಬದ್ಲಾಯ್ಲಿಲ್ಲ," ಎಂದಳು. "ಅದ್ಕೇ ಮೇಡಂ, ನಾ ಅಲ್ಲಿಗ್ ಹೋಯ್ಕ್ ಅಂದ್ ಕೇಂಬುದ್."