ಹುಣಸೆಹಣ್ಣು ತಿಂದುಹಾಕಿದ ಉತ್ತರ

ನಾನು ತಾಮ್ರದ ತಂಬಿಗೆ. ಬರಿ ತಂಬಿಗೆಯಲ್ಲ, ಗದಗ ಸೀಮೆಯ ತಂಬಿಗೆಗಳಿಗೆಲ್ಲ ಚಕ್ರವರ್ತಿ. ನನ್ನನ್ನು ಬಡಿದು ಮಾಡುವಾಗ ಎದ್ದ ಸದ್ದಿಗೆ ಏಳು ಊರಿನ ಎತ್ತುಗಳು ಹಗ್ಗ ಹರಿದು ಓಡಿದವು. ಅಂಥ ಗಂಟಲು ನನ್ನದು!

ಫಕೀರವ್ವನ ಮದುವೆಯಲ್ಲಿ ತವರಿನವರು ನನ್ನನ್ನು ಕೊಟ್ಟರು. ಹುಣ್ಣಿಮೆ ಬಂದರೆ ನಾನೇ ಕಳಶ. ದೇವರಿಗಿಂತ ನನಗೇ ಹೆಚ್ಚು ಕುಂಕುಮ.

ರೋಗ ಬಂದು ಶಾಲೆಗಳಿಗೆ ಬೀಗ ಬಿದ್ದಾಗ ಇಡೀ ರಾಜ್ಯದ ಶಿಕ್ಷಣ ನನ್ನ ಬೆನ್ನ ಮೇಲೆ ನಿಂತಿತು. ಫಕೀರವ್ವನ ಮಗಳು, ನಾಲ್ಕನೆಯ ತರಗತಿಯ ಕಸ್ತೂರಿ, ಕಾಕಾ ಮುದಕಪ್ಪನ ಫೋನನ್ನು ನನಗೆ ಒರಗಿಸಿ ಪಾಠ ಕೇಳುತ್ತಿದ್ದಳು. ನಾನು ತುಸು ಸರಿದರೆ ಸಾಕು, ಫೋನಿನೊಳಗಿನ ಬಾಗೇವಾಡಿ ಟೀಚರ್ ಅಂಗಾತ ಬೀಳುತ್ತಿದ್ದರು.

ಒಂದು ದಿನ ಟೀಚರ್, "ಪ್ರಶ್ನಿ ನೀವೇ ಆರಿಸ್ರಿ, ಉತ್ತರಾನೂ ನೀವೇ ಹುಡುಕ್ರಿ. ನಾ ಹೇಳಂಗಿಲ್ಲ" ಎಂದರು.

ಕಸ್ತೂರಿ ನನ್ನೊಳಗೆ ಇಣುಕಿದಳು. "ಟೀಚರ್, ನಮ್ಮ ತಂಬಿಗಿ ಒಳಗ ಬೆಳ್ಳಗ ಪದರ ಕುಂದರತೈತ್ರಿ. ಎಲ್ಲಿಂದ ಬರತೈತ್ರಿ?"

"ನಿನಗೇನ ಅನಸ್ತದ?"

"ಬೋರಿನ ನೀರಿಂದ್ರಿ."

"ಖಾತ್ರಿ ಹೆಂಗ ಮಾಡ್ಕೋತಿ?"

ಹುಡುಗಿ ನನಗೆ ಬೋರಿನ ನೀರು, ಇನ್ನೊಂದು ತಾಮ್ರದ ಚರಗಿಗೆ ಮಳೆನೀರು ತುಂಬಿ ಮಾಳಿಗೆಯ ಬಿಸಿಲಿಗಿಟ್ಟಳು. ಬತ್ತಿದಾಗೆಲ್ಲ ಮತ್ತೆ ತುಂಬಿದಳು. ಚರಗಿ ಬೋಳಾಗಿಯೇ ಉಳಿಯಿತು. ನನ್ನೊಳಗೆ ಹಿಮಾಲಯವೇ ಬೆಳೆಯಿತು!

ಮುದಕಪ್ಪ ನಕ್ಕ. "ತಂಬಿಗಿ ಕಾಯೋದನ್ನ ಯಾವ ಸಾಲ್ಯಾಗ ಕಲಸ್ತಾರ ಲೇ? ಅವ್ವನ ಕೂಡ ಉಳ್ಳಾಗಡ್ಡಿ ಹೊಲಕ್ಕ ಹೋಗು. ಫೋನು ನನಗ ಬೇಕು."

"ನಾಳಿ ಟೀಚರ್‌ಗೆ ತೋರಸ್ತೀನಿ ಕಾಕಾ. ಆಮ್ಯಾಲ ಹೇಳು."

"ಆತು. ಅವರು ಭೇಷ್ ಅಂದ್ರ ಫೋನು ನಿಂದು. ಇಲ್ಲಾಂದ್ರ ಹೊಲ."

ಆ ನಾಳೆಯೇ ಹುಣ್ಣಿಮೆ. ಅಂದು ಸಂಜೆ ಕಸ್ತೂರಿ ನೀರಿಗೆ ಹೋಗಿದ್ದಳು. ಹೊಲದಿಂದ ಬಂದ ಫಕೀರವ್ವ, "ಅಯ್ಯ ಶಿವನೇ, ದೇವರ ತಂಬಿಗಿ ಬಿಸಲಾಗ!" ಎಂದು ಬಾಯಿ ಬಡಿದುಕೊಂಡು ನನ್ನನ್ನು ಇಳಿಸಿದಳು. ಹುಣಸೆಹಣ್ಣು ಹಚ್ಚಿ ಒಳಗೂ ಹೊರಗೂ ತಿಕ್ಕಿದಳು. ನಾನು ಕಿರುಚಿದೆ. ಠಣ್ ಎಂದಿತು, ಅಷ್ಟೆ. ಸೂರ್ಯನೇ ನಾಚುವಂತೆ ಹೊಳೆದೆ. ಅಂಥ ಹೊಳಪು ಶತ್ರುವಿಗೂ ಬೇಡ.

ಬೆಳಿಗ್ಗೆ ಕಸ್ತೂರಿ ನನ್ನನ್ನು ಫೋನಿಗೆ ಹಿಡಿದಳು.

"ಏನೂ ಕಾಣವಲ್ದಲ್ಲ ಪುಟ್ಟಿ?"

"ಇತ್ರಿ ಟೀಚರ್. ಅವ್ವ ಹುಣಸಿಹಣ್ಣು ಹಚ್ಚಿ ತಿಕ್ಕ್ಯಾಳ್ರಿ."

"ಸುಳ್ಳ ಹೇಳ್ತಾಳ್ರೀ!" ಫೋನಿನೊಳಗೆ ಯಾರೋ ಹುಡುಗ ಕೂಗಿದ. ಎಲ್ಲರೂ ನಕ್ಕರು. ಕಸ್ತೂರಿ ನನ್ನನ್ನು ಎತ್ತಿ ಒಗೆದು ಹೊರಗೆ ಓಡಿದಳು. ಬಾಗಿಲಲ್ಲಿ ನಿಂತಿದ್ದ ಮುದಕಪ್ಪ ಅವಳ ಹಿಂದೆ ಹೋದ. ಫೋನು ಬೋರಲು ಬಿದ್ದಿತ್ತು. ಅದರೊಳಗಿಂದ ಟೀಚರ್ ದನಿ:

"ಅಳಬ್ಯಾಡ ಕಸ್ತೂರಿ. ಆ ಬಿಳೇದನ್ನ ಹುಣಸಿಹಣ್ಣು ತಿಂತಲ್ಲ, ಯಾಕ ತಿಂತು? ಇದು ಮೊದಲಿಗಿಂತ ದೊಡ್ಡ ಪ್ರಶ್ನಿ ನೋಡು. ಭೇಷ್ ಪುಟ್ಟಿ! ಕಸ್ತೂರಿ? ಅದೀಯೇನು?"

ಕೋಣೆಯಲ್ಲಿ ಇದ್ದದ್ದು ನಾನೊಬ್ಬನೇ. ಆ ಮಾತು ಮುಗಿದ ಮೇಲೆ ಮುದಕಪ್ಪ ಬಂದು ಫೋನು ಆರಿಸಿ ಕಿಸೆಗಿಟ್ಟ.

ಕಸ್ತೂರಿ ಅವ್ವನ ಜೊತೆ ಈರುಳ್ಳಿ ಹೊಲಕ್ಕೆ ಹೋದಳು. ಶಾಲೆ ತೆರೆದ ಮೇಲೂ ಹೊಲಕ್ಕೇ ಹೋದಳು. ಒಗೆದ ಏಟಿಗೆ ನನ್ನ ಹೊಟ್ಟೆ ನೆಗ್ಗಿತ್ತು. ನೆಗ್ಗಿದ್ದು ಕಳಶಕ್ಕೆ ಬರುವುದಿಲ್ಲ. ಗುಜರಿಯವನು ಒಯ್ದ.

ಈಗ ಗುಜರಿ ರಾಶಿಯಲ್ಲಿದ್ದೇನೆ. ಮೇಲೆ ಬೋರಿನ ಪೈಪು ತೊಟ್ಟಿಕ್ಕುತ್ತದೆ. ನನ್ನೊಳಗೆ ಮತ್ತೆ ಬಿಳಿ ಪದರ ಕೂತಿದೆ. ಇಣುಕಿ ನೋಡುವವರಿಲ್ಲ.

ಏಳು ಊರಿಗೆ ಕೇಳಿಸುವ ಗಂಟಲು ಎಂದೆನಲ್ಲ, ಅದು ಶುದ್ಧ ಸುಳ್ಳು. ಭೇಷ್ ಎಂಬ ಒಂದೇ ಮಾತನ್ನು ಹೊಸ್ತಿಲು ದಾಟಿಸಲು ನನ್ನಿಂದ ಆಗಲಿಲ್ಲ.