ಅಪ್ಪ ತುಂಬಿಟ್ಟ ಡಬ್ಬಿ

ಜಗನ್ ಮನೆತನದವರು ಮುನೇಶ್ವರನಿಗೆ ಪೊಂಗಲ್ ಇಡುವಾಗ ಬೆಂಕಿಪೊಟ್ಟಣ ಮುಟ್ಟುವಂತಿಲ್ಲ. ಮನೆಯ ಹಿರಿಯ ಕಲ್ಲಿಗೆ ಉಕ್ಕು ಬಡಿದು ಕಿಡಿ ಎಬ್ಬಿಸಬೇಕು. ಟಿನ್ ಫ್ಯಾಕ್ಟರಿ ಹಿಂದಿನ ಹೊಲವೆಲ್ಲ ಬಾಡಿಗೆ ಮನೆಗಳಾಗಿ, ದೇವರಿಗೆ ಒಂದು ಬೇವಿನಮರದಷ್ಟು ಜಾಗ ಉಳಿದ ಮೇಲೂ ಈ ನೇಮ ಅಲ್ಲಾಡಿರಲಿಲ್ಲ. ಅಪ್ಪ ಮುನಿಆಂಜನಪ್ಪ ಪ್ರತಿ ವರ್ಷ ಕರೆಯುತ್ತಿದ್ದರು: “ಬಾರೋ, ಕಲ್ತ್ಕೋ.” ಜಗನ್ ಮೊಬೈಲಿನಿಂದ ತಲೆ ಎತ್ತದೆ “ಮುಂದಿನ್ ವರ್ಷ ಅಪ್ಪ” ಎನ್ನುತ್ತಿದ್ದ. ಅಪ್ಪನೂ ಮುಂದಿನ ವರ್ಷವೂ ಎಂದೂ ಮುಗಿಯುವುದಿಲ್ಲ ಎಂಬುದು ಈ ಮಹಾನುಭಾವನ ನಂಬಿಕೆ.

ಆಷಾಢದಲ್ಲಿ ಅಪ್ಪ ಹೋದರು. ಕಲ್ಲು ಜಗನ್ ಕೈಗೆ ಬಂತು. ಹದಿನೈದು ದಿನ ಮಹಡಿ ಮೇಲೆ ಕೂತು ಬಡಿದು ಬೆರಳು ಜಜ್ಜಿಕೊಂಡ. ಕಿಡಿ ಹಾರುತ್ತಿತ್ತು, ಹತ್ತಿಯ ಮೇಲೆ ಬಿದ್ದು ಆರಿಹೋಗುತ್ತಿತ್ತು. ಕೊನೆಗೆ ಕಮರ್ಷಿಯಲ್ ಸ್ಟ್ರೀಟ್ ಹತ್ತಿರದ ಅಂಗಡಿಯಿಂದ, ಕಾಡು ಬೆಟ್ಟ ಸುತ್ತುವವರು ಒಯ್ಯುವ ಫೆರೋ ರಾಡ್ ತಂದ. ಬೆರಳುದ್ದದ ಕಪ್ಪು ಕಡ್ಡಿ, ಅದನ್ನು ಕೆರೆದು ಕಿಡಿ ಎಬ್ಬಿಸಲು ಒಂದು ಉಕ್ಕಿನ ಪಟ್ಟಿ. ಬೆಂಕಿಪೊಟ್ಟಣವಂತೂ ಅಲ್ಲವಲ್ಲ, ಮುನೇಶ್ವರ ಒಪ್ಪಿಕೊಂಡಾನು ಎಂದು ಸಮಾಧಾನ ಮಾಡಿಕೊಂಡ.

ಪೂಜೆಯ ದಿನ ನೆಂಟರೆಲ್ಲ ಸುತ್ತ ನಿಂತರು. ಜಗನ್ ಪಟ್ಟಿಯನ್ನು ಜೋರಾಗಿ ಮುಂದಕ್ಕೆ ತಳ್ಳಿದ. ಕೈ ಹೋಗಿ ಹತ್ತಿಗೆ ಬಡಿದು ಎಲ್ಲ ಚೆಲ್ಲಾಪಿಲ್ಲಿಯಾಯಿತು. ಮೂರು ಸಲವೂ ಇದೇ ಪಾಡು. ಯಾರೋ ಕಿಸಕ್ಕೆಂದರು. ಅಮ್ಮ ರಾಮಲಕ್ಷ್ಮಮ್ಮ ಪಕ್ಕದಲ್ಲಿ ಬಂದು ಕೂತರು.

“ಯಾಕಪ್ಪಾ ಗುದ್ದಾಡ್ತೀಯ? ಪಟ್ಟಿ ಅಲ್ಲಾಡಿಸ್ಬೇಡ. ಒತ್ತಿ ಹಿಡ್ಕೊಂಡು ಕಡ್ಡೀನ ಹಿಂದಕ್ಕೆ ಎಳಿ.”

ಎಳೆದ. ಕಿಡಿ ಸುರಿದು ಹತ್ತಿ ಭಗ್ಗೆಂದಿತು. ಅಮ್ಮ ಒಣಪುಳ್ಳೆ ಒಡ್ಡುತ್ತಾ ಕೇಳಿದರು, “ಕಲ್ಲಿಗೇನಾಗಿತ್ತೋ?”

“ಹತ್ತಿಗೆ ಹತ್ಕೊಳ್ಳೇ ಇಲ್ಲಮ್ಮ.”

“ಕಲ್ಲಿನ್ ಕಿಡಿಗೆ ಹತ್ತಿ ಎಲ್ಲಿ ಹತ್ಕೊಳ್ಳುತ್ತೆ? ಅಪ್ಪನ ಡಬ್ಬೀಲಿ ಕಿಡಿ ಹಿಡಿಯೋ ಕರಿಬಟ್ಟೆ ಇತ್ತಲ್ಲ. ಆಸ್ಪತ್ರೆಗೆ ಹೋಗೋ ಹಿಂದಿನ್ ದಿನ ನಿನ್ನ ಹಳೇ ಬನಿಯನ್ನೇ ಸುಟ್ಟು ಕರಿ ಮಾಡಿ ತುಂಬಿಟ್ರು. ಅವನಿಗಿನ್ನೂ ಕೈ ಪಳಗಿಲ್ಲ, ಮೊದಲ್ನೇ ಕಿಡಿಗೇ ಹತ್ಕೊಂಡ್ಬಿಡ್ಲಿ, ಜನದ ಮುಂದೆ ನಗೆಪಾಟಲಾಗ್ಬಾರ್ದು ಅಂದ್ರು.”

ತಿಥಿ ಮುಗಿದ ಮೇಲೆ ಅಪ್ಪನ ಕೋಣೆ ಗುಡಿಸಿದವನು ಜಗನ್‌ನೇ. ಕಲ್ಲನ್ನು ಕಣ್ಣಿಗೊತ್ತಿಕೊಂಡು ದೇವರ ಗೂಡಿನಲ್ಲಿಟ್ಟಿದ್ದ. ಡಬ್ಬಿ ತೆರೆದು, ಸುಟ್ಟ ಚಿಂದಿ ಕಂಡು, ಕಸದ ಗಾಡಿಗೆ ಎಸೆದಿದ್ದ.

“ಎಸೆದ್ಬಿಟ್ಟೆ ಅಮ್ಮ.”

ಅಮ್ಮ ಬೆಂಕಿಗೆ ಇನ್ನೊಂದು ಪುಳ್ಳೆ ತಳ್ಳಿದರು. ಅಷ್ಟರಲ್ಲಿ ಚಿಕ್ಕಪ್ಪ ಅಂಜನಮೂರ್ತಿ ಬೆನ್ನು ತಟ್ಟಿದರು: “ಥೇಟ್ ನಿಮ್ಮಪ್ಪನ ಥರಾನೇ ಹಚ್ಬಿಟ್ಟೆ ಕಣೋ!”

ಜಗನ್‌ಗೆ ತಲೆ ಎತ್ತಲಾಗಲಿಲ್ಲ.